ಕಚೇರಿಯ ಪಿ.ಡಿ.ಎಫ್. ಅಚ್ಚು: ಒಂದೆಡೆಯೋ, ಅವರವರ ಮೇಜಿನಲ್ಲೋ?

(ಹೈದರಾಬಾದಿನಲ್ಲಿ ನಡೆದ ಸಂಘದ ಮಾಸಿಕ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಹಿಂಜರಿದೆ. ನಾನು ಭಾಷಣಕಾರನಲ್ಲ, ಕಚೇರಿಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಕೆಟ್ಟಾಗ ಸರಿಪಡಿಸಿ ಹೊಟ್ಟೆ ಹೊರೆಯುವವನು. ಆದರೆ ವಿಷಯ ನನ್ನ ಕಸುಬಿಗೆ ಸೇರಿದ್ದು. ಮೇಲಾಗಿ ನಮ್ಮ ಸಂಘವೇ ಈಗ ತೀರ್ಮಾನಿಸಬೇಕಾದದ್ದು. ಆದಕಾರಣ ಒಪ್ಪಿಕೊಂಡೆ.

ಸಂಘದ ಕೊಠಡಿಗೆ ದಾನವಾಗಿ ನಾಲ್ಕು ಕಂಪ್ಯೂಟರುಗಳು ಬಂದಿವೆ. ಎರಡರಲ್ಲಿ ವಿಂಡೋಸ್ ಇದೆ, ಒಂದರಲ್ಲಿ ಲಿನಕ್ಸ್ ಇದೆ, ಇನ್ನೊಂದು ಆಪಲ್ ಕಂಪೆನಿಯ ಮ್ಯಾಕ್. ಪ್ರಿಂಟರು ಒಂದೇ. ನಮ್ಮ ಪತ್ರಿಕೆಯ ಪುಟಗಳು, ಸದಸ್ಯರ ಅರ್ಜಿಗಳು, ಚಂದಾ ರಸೀದಿಗಳು ಇವೆಲ್ಲವೂ ಪಿ.ಡಿ.ಎಫ್. ಆಗಬೇಕು. ಎಲ್ಲರ ಕಾಗದವನ್ನೂ ಒಂದೇ ಯಂತ್ರಕ್ಕೆ ಕಳುಹಿಸಿ ಅಲ್ಲಿಯೇ ಪಿ.ಡಿ.ಎಫ್. ಮಾಡಿಸೋಣ, ಅಚ್ಚುಕಟ್ಟಾಗಿರುತ್ತದೆ ಎಂದು ಹಿರಿಯರ ಅಭಿಪ್ರಾಯ. ಅವರವರ ಯಂತ್ರದಲ್ಲಿ ಅವರವರೇ ಮಾಡಿಕೊಳ್ಳಲಿ, ಯಾರಿಗೂ ಕಾಯುವ ಗೊಡವೆ ಇಲ್ಲ ಎಂದು ಯುವಕರ ಅಭಿಪ್ರಾಯ. ಹೋದ ತಿಂಗಳ ಸಭೆಯಲ್ಲಿ ಈ ಮಾತು ಸ್ವಲ್ಪ ಬಿಸಿಯೇ ಆಯಿತೆಂದು ತಮಗೆಲ್ಲ ನೆನಪಿದೆ.

ಎರಡೂ ಪಕ್ಷದವರಿಗೆ ನನ್ನ ಬಿನ್ನಹ ಒಂದೇ. ಇದು ಒಂದು ಪ್ರಶ್ನೆಯಲ್ಲ, ಮೂರು ಪ್ರಶ್ನೆ. ಕಾಗದದ ರೂಪ ಗಟ್ಟಿಯಾಗುವುದು ಎಲ್ಲಿ? ಅದನ್ನು ಕಾಪಾಡಿಡುವುದು ಎಲ್ಲಿ? ಮಸಿ ಕಾಗದಕ್ಕೆ ತಾಗುವುದು ಎಲ್ಲಿ? ಮೂರಕ್ಕೂ ಒಂದೇ ಉತ್ತರ ಹುಡುಕಿದ್ದರಿಂದಲೇ ನಮ್ಮಲ್ಲಿ ಜಗಳ ಬಂತು.

ಮೊದಲು ಪಿ.ಡಿ.ಎಫ್. ಎಂದರೇನೆಂದು, ಈ ಕೆಲಸದ ಪರಿಚಯವಿಲ್ಲದ ಬಂಧುಗಳಿಗಾಗಿ ಎರಡು ಮಾತು. ನಾವು ಕಂಪ್ಯೂಟರಿನಲ್ಲಿ ಟೈಪು ಮಾಡಿದ ಕಾಗದ ಹಸಿ ಇಟ್ಟಿಗೆ ಇದ್ದಂತೆ. ಅದನ್ನು ಬೇರೊಂದು ಯಂತ್ರದಲ್ಲಿ ತೆರೆದರೆ ಆ ಯಂತ್ರ ತನ್ನಲ್ಲಿರುವ ಫಾಂಟಿಗೆ, ಅಂದರೆ ಅಕ್ಷರದ ಅಚ್ಚಿಗೆ, ತಕ್ಕಂತೆ ಸಾಲುಗಳನ್ನು ಮತ್ತೆ ಜೋಡಿಸುತ್ತದೆ. ಪಿ.ಡಿ.ಎಫ್. ಸುಟ್ಟ ಇಟ್ಟಿಗೆ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕೆಂಬುದು ಅದರೊಳಗೆ ನಿಶ್ಚಯವಾಗಿರುತ್ತದೆ. ಸರಿಯಾಗಿ ಮಾಡಿದ್ದಾದರೆ ಅಕ್ಷರಗಳ ಆಕಾರವನ್ನೂ ತನ್ನ ಜೊತೆಗೇ ಹೊತ್ತುಕೊಂಡು ಹೋಗುತ್ತದೆ. ಅಮೆರಿಕದಲ್ಲಿ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ ಎಂಬಿಬ್ಬರು 1982ರಲ್ಲಿ ಅಡೋಬಿ ಎಂಬ ಕಂಪೆನಿ ಕಟ್ಟಿದರು. ಪ್ರಿಂಟರಿಗೆ ಪುಟವನ್ನು ವಿವರಿಸಿ ಹೇಳುವ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆ ಅಲ್ಲಿಂದ ಬಂದಿತು. ಅದೇ ಮನೆತನದ ಕೂಸು ಪಿ.ಡಿ.ಎಫ್.; ಅದು ಹೊರಬಂದದ್ದು 1993ರಲ್ಲಿ. 2008ರಲ್ಲಿ ಅದು ಒಂದು ಕಂಪೆನಿಯ ಸೊತ್ತಾಗಿ ಉಳಿಯದೆ ಅಂತರರಾಷ್ಟ್ರೀಯ ಮಾನಕವಾಯಿತು.

ಹಸಿ ಇಟ್ಟಿಗೆಯನ್ನು ಒಲೆಗೆ ಹಾಕುವವರೆಗೆ ತಿದ್ದಬಹುದು. ಸುಟ್ಟ ಮೇಲೆ ತಿದ್ದುವುದು ಕಷ್ಟ. ಆದುದರಿಂದ ಒಲೆ ಎಲ್ಲಿರಬೇಕು, ಅದರ ಮುಂದೆ ಯಾರು ನಿಂತಿರಬೇಕು ಎಂಬುದೇ ಮುಖ್ಯ.

ಒಲೆ ಒಂದೇ ಕಡೆ ಇರಲಿ ಎನ್ನುವವರ ಮಾತಿನಲ್ಲಿ ಬಲವಿಲ್ಲದೆ ಇಲ್ಲ. ಬೇರೆ ಬೇರೆ ಜಾತಿಯ ಯಂತ್ರಗಳಿರುವ ಕಚೇರಿಯಲ್ಲಿ ಪ್ರತಿ ಯಂತ್ರಕ್ಕೂ ಪ್ರಿಂಟರಿಗೂ ನಡುವೆ ಒಬ್ಬ ದುಭಾಷಿ ಬೇಕು. ಡ್ರೈವರ್ ಎಂದು ನಾವು ಕರೆಯುವುದು ಈ ದುಭಾಷಿಯನ್ನೇ. ನಲವತ್ತು ಯಂತ್ರ, ಐದು ಬಗೆಯ ಪ್ರಿಂಟರು ಇದ್ದರೆ ದುಭಾಷಿಗಳ ಸಂತೆಯೇ ನೆರೆಯುತ್ತದೆ. ನಡುವೆ ಒಂದು ಸರ್ವರನ್ನು ಇಟ್ಟರೆ ಎಲ್ಲರೂ ಅದರೊಡನೆ ಮಾತನಾಡಿದರೆ ಸಾಕು. ಲಿನಕ್ಸ್ ಯಂತ್ರವನ್ನು ವಿಂಡೋಸಿನವರಿಗೆ ತಮ್ಮದೇ ಸರ್ವರಿನಂತೆ ಕಾಣಿಸುವ ಸಾಂಬಾ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಬರೆಯತೊಡಗಿದರು. ಅಚ್ಚಿನ ಸಾಲನ್ನು ನೋಡಿಕೊಳ್ಳುವ ಕಪ್ಸ್ ಎಂಬುದನ್ನು ಮೈಕೆಲ್ ಸ್ವೀಟ್ ರಚಿಸಿ 1999ರಲ್ಲಿ ಹೊರತಂದರು. ಅದನ್ನೇ ಆಪಲ್ ಕಂಪೆನಿ ತನ್ನ ಮ್ಯಾಕ್‌ಗೂ ಅಳವಡಿಸಿಕೊಂಡು 2007ರಲ್ಲಿ ಕೊಂಡುಕೊಂಡಿತು. ಪೋಸ್ಟ್‌ಸ್ಕ್ರಿಪ್ಟನ್ನು ಪಿ.ಡಿ.ಎಫ್.ಗೆ ತಿರುಗಿಸುವ ಗೋಸ್ಟ್‌ಸ್ಕ್ರಿಪ್ಟ್ ಕೂಡ ಇದ್ದಿತು. ಈ ಮೂರನ್ನು ಸೇರಿಸಿದರೆ ಹಣ ಕೊಡದೆ ಇಡೀ ಕಚೇರಿಗೆ ಒಂದು ಪಿ.ಡಿ.ಎಫ್. ಒಲೆ ಸಿದ್ಧ. ವಿಂಡೋಸಿನಲ್ಲಿ ಪಿ.ಡಿ.ಎಫ್. ಮಾಡುವ ಸೌಕರ್ಯ ತಾನಾಗಿ ಇರದಿದ್ದ ಆ ಕಾಲದಲ್ಲಿ, ಪ್ರತಿ ಯಂತ್ರಕ್ಕೂ ದುಬಾರಿ ತಂತ್ರಾಂಶ ಕೊಳ್ಳಲಾರದ ಸಣ್ಣ ಕಚೇರಿಗಳಿಗೆ ಅದು ದೊಡ್ಡ ಉಪಕಾರವಾಗಿತ್ತು.

2010ರ ಸುಮಾರಿಗೆ ನಾನೂ ಇಂಥದೊಂದು ಒಲೆ ಹೂಡಿದೆ. ಇದೇ ನಗರದ ಒಂದು ಕಚೇರಿ, ಹೆಸರು ಬೇಡ. ಮಾಲೀಕರು ಮೆಚ್ಚಿದರು, ನನಗೂ ಹೆಮ್ಮೆಯಾಯಿತು. ಆ ಹೆಮ್ಮೆ ಇಳಿದ ಎರಡು ಸಂಗತಿಗಳನ್ನು ಹೇಳುತ್ತೇನೆ. ತಪ್ಪಿನಲ್ಲಿ ನನ್ನ ಪಾಲೂ ಉಂಟು, ಆದುದರಿಂದ ಮುಚ್ಚಿಡುವುದು ಧರ್ಮವಲ್ಲ.

ಆ ಕಚೇರಿಯಿಂದ ಬೀದರಿನ ಶಾಖೆಗೆ ಕನ್ನಡದಲ್ಲಿ ಒಂದು ಸುತ್ತೋಲೆ ಹೋಗಬೇಕಾಗಿತ್ತು. ಗುತ್ತಿಗೆಯ ಮೇಲೆ ಕೆಲಸಕ್ಕಿದ್ದ ಒಬ್ಬ ಹೆಣ್ಣುಮಗಳು ಅದನ್ನು ಟೈಪು ಮಾಡಿ ಸರ್ವರಿಗೆ ಕಳುಹಿಸಿದಳು. ಪಿ.ಡಿ.ಎಫ್. ನೇರವಾಗಿ ಅಂಚೆಪೆಟ್ಟಿಗೆಗೆ ಹೋಯಿತು. ಬೀದರಿನಲ್ಲಿ ತೆರೆದು ನೋಡಿದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ! ಕಾರಣವೇನೆಂದರೆ, ಹಳೆಯ ಕಾಲದ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಫಾಂಟು ಜೊತೆಗಿದ್ದರೆ ಕನ್ನಡ. ಫಾಂಟು ತಪ್ಪಿದರೆ ಬರಿಯ ಗೀಚು. ಜಾಲದ ಹೊರೆ ಕಡಮೆಯಾಗಲೆಂದು ‘ಫಾಂಟು ಕಳುಹಿಸಬೇಡ, ಸರ್ವರಿನಲ್ಲಿರುವುದನ್ನೇ ಬಳಸು’ ಎಂದು ಪ್ರಿಂಟರಿಗೆ ಅಪ್ಪಣೆ ಇಟ್ಟಿದ್ದವರು ನಾವು. ಸರ್ವರಿನಲ್ಲಿ ಆ ಫಾಂಟು ಇರಲಿಲ್ಲ. ಆದರೆ ಬೈಗಳು ಬಿದ್ದದ್ದು ಆಕೆಗೆ. “ನಿನಗೆ ಟೈಪು ಮಾಡಲು ಬಾರದು” ಎಂದರು. ಒಂದು ದಿನದ ಕೂಲಿಯನ್ನೂ ಮುರಿದರು. ನಾನು ಕಾರಣ ಪತ್ತೆಮಾಡಿ ಹೇಳುವ ವೇಳೆಗೆ ಮೂರು ವಾರ ಕಳೆದಿತ್ತು. ಕೂಲಿ ಹಿಂತಿರುಗಿತು, ಆಕೆಯ ಮುಖದ ಮೇಲಿನ ನಗು ಮಾತ್ರ ಹಿಂತಿರುಗಲಿಲ್ಲ.

ಎರಡನೆಯದು ಇನ್ನೂ ಕಹಿ. ಸರ್ವರು ಯಾರ ಪಿ.ಡಿ.ಎಫ್. ಅನ್ನು ಅವರವರ ಹೆಸರಿನ ಫೋಲ್ಡರಿನಲ್ಲಿ ಇಡುವಂತೆ ನಾವು ಏರ್ಪಡಿಸಿದ್ದೆವು. ಆದರೆ ಕೆಲವು ವಿಂಡೋಸ್ ಯಂತ್ರಗಳಲ್ಲಿ ನಾಲ್ಕೈದು ಗುಮಾಸ್ತರು ಒಂದೇ ಸಾಮಾನ್ಯ ಹೆಸರಿನಿಂದ ಕೆಲಸ ಮಾಡುತ್ತಿದ್ದರು. ಆ ಹೆಸರಿನವರು ಯಾರೆಂದು ಲಿನಕ್ಸ್ ಸರ್ವರಿಗೆ ಗೊತ್ತಿಲ್ಲ. ಗುರುತು ಸಿಕ್ಕದ ಕಾಗದವನ್ನು ಅದು ಅನಾಮಧೇಯರ ಫೋಲ್ಡರಿಗೆ ಹಾಕುತ್ತಿತ್ತು. ಆ ಫೋಲ್ಡರನ್ನು ಯಾರು ಬೇಕಾದರೂ ತೆರೆಯಬಹುದಾಗಿತ್ತು. ರಾಯಚೂರಿನ ಕಡೆಯ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಹೆಂಡತಿಯ ಚಿಕಿತ್ಸೆಗಾಗಿ ಸಂಬಳದ ಮುಂಗಡ ಬೇಡಿ ಅರ್ಜಿ ಬರೆದಿದ್ದರು. ರೋಗದ ಹೆಸರು, ಸಾಲದ ಲೆಕ್ಕ ಎಲ್ಲವೂ ಅದರಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಇರಾನಿ ಚಹಾದಂಗಡಿಯಲ್ಲಿ ಅದೇ ಮಾತು. ಅವರು ನನ್ನನ್ನು ಬೈಯಲಿಲ್ಲ. “ತಮ್ಮಾ, ಕಾಗದ ಕಳದ್ಹೋಗಿದ್ರ ಇನ್ನೊಂದು ಬರಕೊಡ್ತಿದ್ದೆ. ಮನಿ ಮಾತು ಬಜಾರಕ್ಕ ಬಿತ್ತಲ್ಲೋ” ಎಂದಷ್ಟೇ ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಬಂಧುಗಳೆ, ಅಚ್ಚಿನ ಏರ್ಪಾಟು ಬರಿಯ ಯಂತ್ರದ ಮಾತಲ್ಲ ಎಂದು ನಾನು ಕಲಿತದ್ದು ಅಂದು. ಯಾರ ಕೂಲಿ ಮುರಿಯುತ್ತದೆ, ಯಾರ ಗುಟ್ಟು ರಟ್ಟಾಗುತ್ತದೆ ಎಂಬುದೂ ಅದರಲ್ಲಿ ಅಡಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. ವ್ಯಕ್ತಿಗಳ ಮಾಹಿತಿಯನ್ನು ಕಾಪಾಡುವ ಕಾನೂನನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿತು. ಹಕ್ಕು ದೆಹಲಿಯಲ್ಲಿ ಬರೆದದ್ದಾದರೂ ಅದು ಉಳಿಯುವುದು ಅಥವಾ ಅಳಿಯುವುದು ಇಂಥ ಒಂದು ಫೋಲ್ಡರಿನಲ್ಲಿ.

ಹಾಗಾದರೆ ಒಂದೆಡೆಯ ಏರ್ಪಾಟು ಯಾವಾಗಲೂ ಕೆಟ್ಟದ್ದೋ? ಅಲ್ಲ. ನಮ್ಮ ಕಣ್ಣೆದುರಿಗೇ ಎರಡು ದೊಡ್ಡ ಉದಾಹರಣೆಗಳಿವೆ.

ಒಂದು ನಮ್ಮ ತವರಿನದು. ಕರ್ನಾಟಕದ ಭೂಮಿ ಯೋಜನೆ. ಅದಕ್ಕೂ ಮೊದಲು ರೈತನ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ ಇರುತ್ತಿತ್ತು. ನಕಲು ಬೇಕಾದರೆ ಅವರನ್ನು ಹುಡುಕಿಕೊಂಡು ತಿರುಗಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ಕೊಡುವ ವ್ಯವಸ್ಥೆ ಮಾಡಿದರು. ಬೀದರ, ಗುಲಬರ್ಗಾ, ರಾಯಚೂರಿನ ಕಡೆ ಹೊಲವಿರುವ ನಮ್ಮಲ್ಲಿ ಎಷ್ಟೋ ಜನ ರಜೆಯಲ್ಲಿ ಊರಿಗೆ ಹೋದಾಗ ಆ ಕಿಟಕಿಯ ಮುಂದೆ ಸಾಲು ನಿಂತವರೇ.

ಇನ್ನೊಂದು ನಾವು ಅನ್ನ ತಿನ್ನುತ್ತಿರುವ ಈ ನಾಡಿನದು. 2011ರಲ್ಲಿ ಆಗಿನ ಅವಿಭಜಿತ ಆಂಧ್ರಪ್ರದೇಶದಲ್ಲಿ ಮೀಸೇವಾ ಆರಂಭವಾಯಿತು. ಆದಾಯದ ಪ್ರಮಾಣಪತ್ರವೋ ಜಾತಿ ಪ್ರಮಾಣಪತ್ರವೋ ಬೇಕಾದರೆ ಬಡಾವಣೆಯ ಮೀಸೇವಾ ಕೇಂದ್ರಕ್ಕೆ ಹೋಗುತ್ತೇವೆ. ಹೊಣೆಗಾರ ಅಧಿಕಾರಿ ಪರಿಶೀಲಿಸಿ ಡಿಜಿಟಲ್ ಸಹಿ ಹಾಕುತ್ತಾರೆ. ಪ್ರತಿ ಸರಕಾರದ ಭಂಡಾರದಲ್ಲಿ ಉಳಿಯುತ್ತದೆ. ಕಾಗದ ಮಾತ್ರ ನಮ್ಮ ಬಡಾವಣೆಯ ಕೇಂದ್ರದಲ್ಲಿ, ಅದಕ್ಕೆಂದೇ ಮಾಡಿಸಿದ ವಿಶೇಷ ಕಾಗದದ ಮೇಲೆ ಅಚ್ಚಾಗಿ ಕೈಗೆ ಬರುತ್ತದೆ. ಕಾಗದದ ಮೇಲಿನ ಸಂಖ್ಯೆಯಿಂದ ಅದು ನಿಜವೋ ಸುಳ್ಳೋ ಎಂದು ಭಂಡಾರದಲ್ಲಿ ಹೊಂದಿಸಿ ನೋಡಬಹುದು.

ಇಲ್ಲಿ ನಾನು ಮೊದಲು ಹೇಳಿದ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಉತ್ತರಗಳಿರುವುದನ್ನು ತಾವು ಗಮನಿಸಬೇಕು. ಮೀಸೇವಾದಲ್ಲಿ ರೂಪ ಗಟ್ಟಿಯಾಗುವುದು ಹೊಣೆ ಹೊತ್ತವರ ಸಹಿಯಿಂದ. ಕಾಪಾಡಿಡುವುದು ಒಂದೇ ಭಂಡಾರದಲ್ಲಿ. ಮಸಿ ತಾಗುವುದು ಬೇಕಾದವನು ನಿಂತಿರುವಲ್ಲಿ. ಒಂದೆಡೆಯ ಒಲೆ ಅಲ್ಲಿ ನಡೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಪ್ರಮಾಣಪತ್ರಗಳೆಲ್ಲ ಒಂದೇ ಪಡಿಯಚ್ಚಿನವು; ಹೆಸರು, ಊರು, ತಾರೀಖು ಮಾತ್ರ ಬೇರೆ. ಒಮ್ಮೆ ಪರೀಕ್ಷಿಸಿದ ಅಚ್ಚು ಲಕ್ಷ ಸಲ ಸರಿಯಾಗಿಯೇ ಬರುತ್ತದೆ. ನಮ್ಮ ಕಚೇರಿಗಳ ಪತ್ರ, ವರದಿ, ಅರ್ಜಿಗಳು ಹಾಗಲ್ಲ. ದಿನವೂ ಹೊಸದು, ಒಂದೇ ಪುಟದಲ್ಲಿ ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ನಾಲ್ಕೂ ಬರಬಹುದು. ಬರೆದವರ ಕಣ್ಣಿಗೆ ಬೀಳದೆ ಅದು ಗಟ್ಟಿಯಾಗಬಾರದು.

ಈ ಮಾತು ಕನ್ನಡಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಇಂಗ್ಲಿಷಿನ ಅಕ್ಷರಗಳು ಸಾಲಾಗಿ ನಿಂತ ಸಿಪಾಯಿಗಳಂತೆ. ನಮ್ಮವು ಕೂಡುಕುಟುಂಬದವು, ಒತ್ತು, ಗುಣಿತ, ಅರ್ಕಾವೊತ್ತು ಎಲ್ಲವೂ ಒಂದರ ಮೇಲೊಂದು, ಕೆಳಗೊಂದು. 1991ರ ಯೂನಿಕೋಡ್ ಕನ್ನಡದ ಅಕ್ಷರಗಳಿಗೆ ತಮ್ಮದೇ ಸ್ಥಾನ ಕೊಟ್ಟಿತು, ನಿಜ. ಆದರೆ ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಮಾತುಗಳಲ್ಲಿ ಒತ್ತುಗಳು ಎಲ್ಲಿ ಕೂರಬೇಕೆಂಬುದು ಇಂದಿಗೂ ಆಯಾ ಯಂತ್ರದ ಫಾಂಟನ್ನೂ ತಂತ್ರಾಂಶವನ್ನೂ ಅವಲಂಬಿಸಿದೆ. ಫಾಂಟು ಬದಲಾದರೆ ಅಕ್ಷರದ ಅಗಲ ಬದಲಾಗುತ್ತದೆ, ಸಾಲು ಮುರಿಯುವ ಜಾಗ ಬದಲಾಗುತ್ತದೆ, ಒಂದು ಪುಟದ ಅರ್ಜಿ ಎರಡು ಪುಟವಾಗಿ ಸಹಿಯ ಜಾಗ ಒಂಟಿಯಾಗಿ ಹಿಂದುಳಿಯುತ್ತದೆ. ಇನ್ನೊಂದು ಗುಪ್ತ ದೋಷವೂ ಉಂಟು. ಪೋಸ್ಟ್‌ಸ್ಕ್ರಿಪ್ಟಿನ ಹಾದಿಯಲ್ಲಿ ಸುತ್ತಿ ಬಂದ ಪಿ.ಡಿ.ಎಫ್.ನಲ್ಲಿ ಕಣ್ಣಿಗೆ ಕನ್ನಡ ಸರಿಯಾಗಿ ಕಂಡರೂ, ಒಂದು ಪದವನ್ನು ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ಆಕಾರ ಉಳಿದು ಅಕ್ಷರದ ಗುರುತು ದಾರಿಯಲ್ಲಿ ಉದುರಿಹೋಗಿರುತ್ತದೆ. ಹತ್ತು ವರ್ಷದ ನಂತರ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಯಲ್ಲಿ ಯಾರಾದರೂ ಏನಾದರೂ ಹುಡುಕಿದರೆ ಬರಿಗೈ.

ಇನ್ನು ಒಂದೆಡೆಯ ಏರ್ಪಾಟಿನ ಅಪಾಯವನ್ನೂ ನೋಡಿ. ಊರಿಗೆಲ್ಲ ಒಂದೇ ಬಾವಿ ಇದ್ದರೆ ಅದು ಕೆಟ್ಟ ದಿನ ಊರಿಗೆಲ್ಲ ದಾಹ. 2021ರ ಜುಲೈನಲ್ಲಿ ವಿಂಡೋಸಿನ ಅಚ್ಚಿನ ಸಾಲು ನೋಡಿಕೊಳ್ಳುವ ಭಾಗದಲ್ಲಿಯೇ ಒಂದು ದೊಡ್ಡ ಬಿರುಕು ಬಯಲಾಯಿತು. ಪ್ರಿಂಟ್‌ನೈಟ್‌ಮೇರ್ ಎಂದು ಅದಕ್ಕೆ ಹೆಸರಾಯಿತು. ಅದನ್ನು ಮುಚ್ಚಲು ಮೈಕ್ರೋಸಾಫ್ಟ್ ಆಗಸ್ಟ್‌ನಲ್ಲಿ ನಿಯಮ ಬಿಗಿಮಾಡಿದಾಗ, ಸಾಮಾನ್ಯ ಗುಮಾಸ್ತರು ತಾವಾಗಿ ಪ್ರಿಂಟರಿನ ಡ್ರೈವರ್ ಹಾಕಿಕೊಳ್ಳುವಂತಿಲ್ಲ ಎಂದಾಯಿತು. ಲಿನಕ್ಸಿನವರು ನಗುವಂತಿರಲಿಲ್ಲ, 2024ರ ಸೆಪ್ಟೆಂಬರಿನಲ್ಲಿ ಕಪ್ಸ್‌ನ ಜೊತೆಯ ಭಾಗಗಳಲ್ಲಿಯೂ ಬಿರುಕು ಹೊರಬಿತ್ತು. ಒಲೆ ನಮ್ಮ ಮನೆಯಲ್ಲೇ ಇರದೆ ಪರರ ಮನೆಯಲ್ಲಿದ್ದರಂತೂ ಮಾತೇ ಬೇಡ. ಗೂಗಲ್ ಕಂಪೆನಿ ಜಗತ್ತಿಗೆಲ್ಲ ಒಂದೇ ಅಚ್ಚಿನ ಸೇವೆ ನಡೆಸುತ್ತಿತ್ತು. 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ನೆಚ್ಚಿಕೊಂಡಿದ್ದವರು ಬೇರೆ ದಾರಿ ನೋಡಬೇಕಾಯಿತು.

ಹಾಗೆಂದು ಎಲ್ಲವನ್ನೂ ಅವರವರ ಮೇಜಿಗೆ ಬಿಟ್ಟರೆ ಸರಿಹೋಯಿತೆ? ಯುವಕರೂ ಕೇಳಬೇಕು. ಅವರವರ ಯಂತ್ರದಲ್ಲಿ ಮಾಡಿದ ಪಿ.ಡಿ.ಎಫ್. ಅವರವರ ಯಂತ್ರದಲ್ಲೇ ಉಳಿದರೆ, ಆ ಯಂತ್ರ ಕೆಟ್ಟ ದಿನ, ಆ ಸದಸ್ಯ ಊರು ಬಿಟ್ಟ ದಿನ, ಸಂಘದ ಲೆಕ್ಕವೂ ಹೋಯಿತು. ನಾಲ್ಕು ಯಂತ್ರದಲ್ಲಿ ನಾಲ್ಕು ಫಾಂಟಾದರೆ ಒಂದೇ ಪತ್ರಿಕೆಗೆ ನಾಲ್ಕು ಮುಖ. ನಮ್ಮ ಕಡೆ ಜೋಳ ಬೆಳೆಯುವುದು ಅವರವರ ಹೊಲದಲ್ಲಿ. ಆದರೆ ಬರಗಾಲಕ್ಕೆಂದು ತುಂಬಿಡುವುದು ಹಗೇವಿನಲ್ಲಿ. ಹೊಲವನ್ನೂ ಹಗೇವನ್ನೂ ಒಂದೇ ಎಂದುಕೊಂಡವನು ಒಕ್ಕಲುತನ ಮಾಡಲಾರ.

ಕಾಲವೂ ಈಗ ನಮಗೆ ಅನುಕೂಲವಾಗಿದೆ. ಮ್ಯಾಕ್‌ನಲ್ಲಿ 2001ರಿಂದಲೂ, ವಿಂಡೋಸಿನಲ್ಲಿ 2015ರ ಹತ್ತನೆಯ ಆವೃತ್ತಿಯಿಂದಲೂ ಪಿ.ಡಿ.ಎಫ್. ಮಾಡುವ ಸೌಕರ್ಯ ಯಂತ್ರದೊಳಗೇ ಇದೆ. ಲಿನಕ್ಸಿನಲ್ಲಿ ಲಿಬ್ರೆಆಫೀಸ್ ಆ ಕೆಲಸ ಮಾಡುತ್ತದೆ. ಪ್ರತಿಯೊಂದಕ್ಕೂ ದುಭಾಷಿ ಬೇಕೆಂಬ ಕಷ್ಟವೂ ತಗ್ಗಿದೆ. ಆಪಲ್‌ನವರ ಏರ್‌ಪ್ರಿಂಟ್ 2010ರಲ್ಲಿ ಬಂದಿತು. ಅದೇ ದಾರಿಯ ಐ.ಪಿ.ಪಿ. ಮಾನಕವನ್ನು ಪಾಲಿಸುವ ಪ್ರಿಂಟರುಗಳು ಮೂರೂ ಜಾತಿಯ ಯಂತ್ರಗಳೊಡನೆ ಬೇರೆ ಡ್ರೈವರ್ ಇಲ್ಲದೆ ಮಾತನಾಡುತ್ತವೆ. ಒಲೆಯನ್ನು ಒಂದೆಡೆ ಹೂಡಲು ಅಂದಿದ್ದ ಕಾರಣ ಇಂದು ಬಹುಮಟ್ಟಿಗೆ ಉಳಿದಿಲ್ಲ. ಆದುದರಿಂದ ಸಂಘದ ಮುಂದೆ ನನ್ನ ಸಲಹೆಗಳು ಇವು.

ಒಂದನೆಯದು: ಬರೆದವರು ತಮ್ಮ ಯಂತ್ರದಲ್ಲಿಯೇ ಪಿ.ಡಿ.ಎಫ್. ಮಾಡಲಿ. ಪ್ರಿಂಟರಿನ ದಾರಿಯಿಂದ ಸುತ್ತಿಸದೆ, ಬರೆಯುವ ತಂತ್ರಾಂಶದಿಂದಲೇ ನೇರವಾಗಿ ಉಳಿಸಲಿ. ತೆರೆದು, ಕಣ್ಣಾರೆ ಓದಿ, ಆಮೇಲೆ ಕಳುಹಿಸಲಿ. ಅಕ್ಷರ ಕೆಟ್ಟರೆ ತತ್‌ಕ್ಷಣ ಕಾಣುತ್ತದೆ. ಒಬ್ಬರ ತಪ್ಪು ಇನ್ನೊಬ್ಬರ ಕೂಲಿ ತಿನ್ನುವುದಿಲ್ಲ.

ಎರಡನೆಯದು: ನಾಲ್ಕು ಯಂತ್ರಗಳಿಗೂ ಒಂದೇ ಯೂನಿಕೋಡ್ ಕನ್ನಡ ಫಾಂಟನ್ನು ಹಾಕೋಣ. ನೋಟೋದಂಥವು ಹಣವಿಲ್ಲದೆ ಸಿಗುತ್ತವೆ. ಒತ್ತಕ್ಷರಗಳು ತುಂಬಿದ ಒಂದು ಪರೀಕ್ಷಾ ಪುಟವನ್ನು ನಾಲ್ಕರಲ್ಲೂ ಮಾಡಿ, ಅದಲುಬದಲಾಗಿ ತೆರೆದು ನೋಡೋಣ. ಒಂದು ಪದವನ್ನು ಹುಡುಕಿಯೂ ನೋಡೋಣ. ಪತ್ರಿಕೆಯ ಸಂಚಿಕೆಗಳನ್ನು ಪಿ.ಡಿ.ಎಫ್. ಎ ಎಂಬ ರೂಪದಲ್ಲಿ ಇಡೋಣ. 2005ರ ಆ ಮಾನಕದ ಪ್ರಕಾರ ಫಾಂಟು ಫೈಲಿನೊಳಗೆ ಇರಲೇಬೇಕು.

ಮೂರನೆಯದು: ಚಂದಾ ರಸೀದಿ ಮಾತ್ರ ಒಂದೆಡೆಯಲ್ಲೇ ಆಗಲಿ. ಅದು ಒಂದೇ ಪಡಿಯಚ್ಚಿನದು, ಸಂಖ್ಯೆ ತಪ್ಪಬಾರದು, ಖಜಾಂಚಿಗಳೇ ಅದರ ಹೊಣೆಗಾರರು. ಹಿರಿಯರ ಮಾತು ಇಲ್ಲಿ ಪೂರ್ತಿ ಸರಿ.

ನಾಲ್ಕನೆಯದು: ಪ್ರಿಂಟರು ಒಂದೇ ಇರಲಿ, ಸಾಲೂ ಒಂದೇ ಇರಲಿ. ಆದರೆ ಖಾಸಗಿ ಅರ್ಜಿಗಳು, ಸದಸ್ಯನು ಯಂತ್ರದ ಮುಂದೆ ನಿಂತು ತನ್ನ ಗುಪ್ತ ಸಂಖ್ಯೆ ಒತ್ತಿದ ಮೇಲೆಯೇ ಅಚ್ಚಾಗಲಿ. ನಮ್ಮ ಪ್ರಿಂಟರಿನಲ್ಲಿ ಆ ಸೌಕರ್ಯ ಇಲ್ಲದಿದ್ದರೆ, ಅಂಥ ಕಾಗದವನ್ನು ಅವರು ಪಕ್ಕದಲ್ಲಿ ನಿಂತಿರುವಾಗಲೇ ಕಳುಹಿಸುವ ಪದ್ಧತಿ ಇಟ್ಟುಕೊಳ್ಳೋಣ.

ಐದನೆಯದು: ಸಂಘದ ಕಾಗದಗಳ ಒಂದು ಪ್ರತಿ ಸಾಮಾನ್ಯ ಭಂಡಾರಕ್ಕೆ ಬರಲಿ, ಅದರ ಇನ್ನೊಂದು ನಕಲು ಬೇರೆಡೆ ಇರಲಿ. ಪ್ರತಿ ಸದಸ್ಯನಿಗೂ ತನ್ನದೇ ಹೆಸರು, ತನ್ನದೇ ಬಾಗಿಲು. ಅನಾಮಧೇಯರ ಫೋಲ್ಡರು ನಮ್ಮಲ್ಲಿ ಇರಲೇಕೂಡದು. ಹೆಸರು ಗುರುತಿಸಲಾಗದ ಕಾಗದವನ್ನು ಯಂತ್ರ ತಿರಸ್ಕರಿಸಲಿ. ಕಳುಹಿಸಿದವರು ಬಂದು ಕೇಳಲಿ. ಸ್ವಲ್ಪ ಅನಾನುಕೂಲವಾದೀತು, ಅವಮಾನವಾಗದು.

ಈ ಐದಕ್ಕೂ ಒಬ್ಬರು ಹೊಣೆ ಹೊರಬೇಕು. ಸಭೆ ಒಪ್ಪಿದರೆ ಮೊದಲ ವರ್ಷ ಆ ಕೆಲಸ ನಾನು ಮಾಡುತ್ತೇನೆ. ಹಿಂದೆ ಒಮ್ಮೆ ಬಾಗಿಲು ಹಾಕದೆ ಬಂದವನು ಈ ಸಲ ನೋಡಿಕೊಂಡು ಹಾಕುತ್ತಾನೆಂದು ತಾವು ನಂಬಿದರೆ ಸಾಕು.

ಕೊನೆಗೆ ಒಂದು ಮಾತು. ರಾಯಚೂರಿನ ಆ ಹಿರಿಯರು ನಿವೃತ್ತರಾಗಿ ಊರಿಗೆ ಹೋದರು. ಹೋಗುವ ದಿನ ಬಿಡುಗಡೆಯ ಪತ್ರವನ್ನು ಅಚ್ಚು ಮಾಡಿಸಲು ನನ್ನ ಬಳಿಗೆ ಬಂದರು. ನಾನು ಕುರ್ಚಿ ಎಳೆದು ಕೂರಿಸಿ, ಪರದೆಯ ಮೇಲೆ ತೋರಿಸಿ, “ಕಾಕಾ, ಒಮ್ಮೆ ಓದಿ ಸರಿ ಇದೆ ಎನ್ನಿ, ಆಮೇಲೆ ಒತ್ತುತ್ತೇನೆ” ಎಂದೆ. ಅವರು ಕನ್ನಡಕ ಹಾಕಿಕೊಂಡು ಪ್ರತಿ ಅಕ್ಷರವನ್ನೂ ಓದಿದರು. ಊರಿನ ಹೆಸರಿನಲ್ಲಿ ಒಂದು ದೀರ್ಘ ತಪ್ಪಿತ್ತು, ತಿದ್ದಿಸಿದರು. ಆಮೇಲೆ ಅವರೇ ಗುಂಡಿ ಒತ್ತಿದರು. ನನ್ನ ಮಟ್ಟಿಗೆ ಸರಿಯಾದ ಅಚ್ಚಿನ ಏರ್ಪಾಟು ಎಂದರೆ ಅಷ್ಟೇ.

 ಸಲಹೆಗಳನ್ನು ಸಭೆಯ ಮುಂದಿಟ್ಟಿದ್ದೇನೆ, ತೀರ್ಮಾನ ತಮ್ಮದು.